ಮಿಲ್ ನೀರಿಗೆ ಯಾವ ಟ್ಯಾಂಕ್? ಗ್ಯಾಸ್ ಲೆಕ್ಕಕ್ಕಿಂತ ಮೊದಲು ನೋಡಬೇಕಾದದ್ದು

ಗಾಳಿ ಇಲ್ಲದೆ ಬದುಕುವ ಸೂಕ್ಷ್ಮಜೀವಿಗಳಿಂದ ಕಾರ್ಖಾನೆಯ ಕೊಳೆ ನೀರನ್ನು ಶುದ್ಧ ಮಾಡಬಹುದು, ಜೊತೆಗೆ ಉರಿಸೋಕೆ ಗ್ಯಾಸೂ ಸಿಗುತ್ತದೆ. ಇಷ್ಟು ಹೇಳಿದ ಕೂಡಲೇ ದಾವಣಗೆರೆ ಕಡೆಯ ಸಾಹುಕಾರರು ಕೇಳುವುದು ಒಂದೇ ಮಾತು: ‘ಗ್ಯಾಸ್ ಎಷ್ಟು ಬರುತ್ತೆ ಹೇಳಿ.’ ಟ್ಯಾಂಕ್ ಮಾರುವವರಿಗೂ ಅದೇ ಬೇಕು. ಕೊಟೇಶನ್‌ನ ಮೊದಲ ಪುಟದಲ್ಲೇ ಗ್ಯಾಸಿನ ಲೆಕ್ಕ ದಪ್ಪಕ್ಷರದಲ್ಲಿ ಕೂತಿರುತ್ತದೆ. ನನ್ನ ಪ್ರಕಾರ ಅದನ್ನು ಕೊನೆಗೆ ನೋಡಬೇಕು. ಮೊದಲು ನಿಮ್ಮ ನೀರನ್ನು ನೋಡಿ. ಅದರಲ್ಲಿ ಕೊಳೆ ಎಷ್ಟು, ಪುಡಿ ಎಷ್ಟು, ಅದು ವರ್ಷವಿಡೀ ಬರುತ್ತದಾ ಇಲ್ಲ ಸೀಸನ್‌ನಲ್ಲಿ ಮಾತ್ರವಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಟ್ಯಾಂಕ್ ಅನ್ನುವುದು ಅರ್ಧ ತೀರ್ಮಾನವಾದ ಹಾಗೆ.

ಒಂದು ಲೆಕ್ಕ ಹಾಕೋಣ

ದಿನಕ್ಕೆ 100 ಟನ್ ಭತ್ತ ನೆನೆಸುವ ಒಂದು ಕುಸುಬಲಕ್ಕಿ ಮಿಲ್ ಅಂದುಕೊಳ್ಳಿ. ನೆನೆಸಿದ ನೀರು ಸುಮಾರು 100 ಘನ ಮೀಟರ್, ಅಂದರೆ ಲಕ್ಷ ಲೀಟರ್ ಹೊರಗೆ ಬರುತ್ತದೆ. ಅದರ ಸಿಒಡಿ ಲೀಟರ್‌ಗೆ 3,000 ಮಿಲಿಗ್ರಾಂ ಇದೆ ಎಂದು ಇಟ್ಟುಕೊಳ್ಳೋಣ. ಸಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಪೂರ್ತಿ ಸುಡಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ, ಅಷ್ಟೇ. ಹಾಗಾದರೆ ದಿನದ ಕೊಳೆ 300 ಕೆಜಿ. ಗಾಳಿ ಇಲ್ಲದ ಟ್ಯಾಂಕ್ ಅದರಲ್ಲಿ ನೂರಕ್ಕೆ 80 ಪಾಲು ತೆಗೆದರೆ 240 ಕೆಜಿ. ಒಂದು ಕೆಜಿ ಸಿಒಡಿ ತೆಗೆದರೆ ಬರುವ ಮೀಥೇನ್, ಅಂದರೆ ಗ್ಯಾಸಿನಲ್ಲಿ ಉರಿಯುವ ಪಾಲು, 0.35 ಘನ ಮೀಟರ್. ಇದು ರಸಾಯನಶಾಸ್ತ್ರದ ಲೆಕ್ಕ. ಯಾವ ಕಂಪನಿಯ ಟ್ಯಾಂಕಾದರೂ, ಯಾವ ‘ಸ್ಪೆಷಲ್ ಕಲ್ಚರ್’ ಸುರಿದರೂ ಇದಕ್ಕಿಂತ ಜಾಸ್ತಿ ಬರಲ್ಲ. ಅಲ್ಲಿಗೆ ದಿನಕ್ಕೆ 84 ಘನ ಮೀಟರ್ ಮೀಥೇನ್. ಜೊತೆಗಿರುವ ಇಂಗಾಲದ ಡೈಆಕ್ಸೈಡ್ ಸೇರಿದರೆ ಸುಮಾರು 130 ಘನ ಮೀಟರ್ ಗ್ಯಾಸ್.

ಈ ಗ್ಯಾಸಿನ ಕಾವು ಎಷ್ಟು? ಸುಮಾರು 230 ಕೆಜಿ ಭತ್ತದ ಹೊಟ್ಟು ಸುಟ್ಟಷ್ಟು. ಅದೇ ಮಿಲ್‌ನಲ್ಲಿ ದಿನಕ್ಕೆ ಬೀಳುವ ಹೊಟ್ಟು 20 ಟನ್! ಬಾಯ್ಲರಿಗೆ ಹಾಕಿ ಇನ್ನೂ ಮಿಗುವಷ್ಟು ಹೊಟ್ಟು ಹಿತ್ತಲಲ್ಲಿ ಬಿದ್ದಿರುವಾಗ, ಅದರ ನೂರರಲ್ಲಿ ಒಂದು ಪಾಲಿನಷ್ಟು ಕಾವಿಗಾಗಿ ಗ್ಯಾಸ್ ಬಲೂನು, ಬರ್ನರ್, ಪೈಪ್‌ಲೈನ್ ಅಂತ ಖರ್ಚು ಮಾಡುವುದು ಸುಮ್ನೆ.

ಅದೇ ಕೊಳೆ ಒಂದು ಡೈರಿಯಿಂದ ಬಂದಿದ್ದರೆ ಕತೆ ಬೇರೆ. ಅಲ್ಲಿ ಬಾಯ್ಲರ್ ಓಡುವುದು ಕೊಂಡು ತಂದ ಎಣ್ಣೆಯಿಂದಲೋ ಗ್ಯಾಸಿನಿಂದಲೋ. 130 ಘನ ಮೀಟರ್ ಬಯೋಗ್ಯಾಸ್ ಅಂದರೆ ಸುಮಾರು 80 ಲೀಟರ್ ಡೀಸೆಲ್. ಎಲ್‌ಪಿಜಿಯಲ್ಲಿ ಹೇಳುವುದಾದರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಮೂರಕ್ಕೂ ಮೇಲೆ, ದಿನಾಲೂ. ಕೊಳೆ ಒಂದೇ, ಗ್ಯಾಸ್ ಒಂದೇ. ಬೆಲೆ ಮಾತ್ರ ನೀವು ಈಗ ಏನು ಉರಿಸುತ್ತಿದ್ದೀರಿ ಅನ್ನುವುದರ ಮೇಲೆ.

ಹಾಗಾದರೆ ರೈಸ್ ಮಿಲ್‌ಗೆ ಈ ದಾರಿಯೇ ಬೇಡವಾ? ಬೇಕು. ಲಾಭ ಬೇರೆ ಕಡೆ ಇದೆ.

ಗಾಳಿ ಊದುವುದೋ, ಬಿಡುವುದೋ

ಮಾಮೂಲಿ ಇಟಿಪಿಯಲ್ಲಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕದಲ್ಲಿ, ಬ್ಲೋವರ್ ಹಚ್ಚಿ ನೀರಿಗೆ ಗಾಳಿ ಊದುತ್ತಾರೆ. ಗಾಳಿ ಬೇಕಾದ ಸೂಕ್ಷ್ಮಜೀವಿಗಳು ಕೊಳೆ ತಿಂದು ಬೇಗ ಬೇಗ ಬೆಳೆಯುತ್ತವೆ. ಒಂದು ಕೆಜಿ ಸಿಒಡಿಗೆ ಸುಮಾರು ಮುಕ್ಕಾಲು ಯೂನಿಟ್‌ನಿಂದ ಒಂದು ಯೂನಿಟ್ ಕರೆಂಟ್ ಹೋಗುತ್ತದೆ. ಮೇಲಿನ ಮಿಲ್‌ಗೆ ದಿನಕ್ಕೆ 225ರಿಂದ 300 ಯೂನಿಟ್. ಮೊದಲು ಗಾಳಿ ಇಲ್ಲದ ಟ್ಯಾಂಕ್ ಇಟ್ಟು, ಉಳಿದ 60 ಕೆಜಿಗೆ ಮಾತ್ರ ಗಾಳಿ ಊದಿದರೆ 60 ಯೂನಿಟ್‌ನೊಳಗೆ ಮುಗಿಯುತ್ತದೆ. 200 ಯೂನಿಟ್ ಉಳಿಯಿತು, ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೂ ದಿನಕ್ಕೆ 1,400. ವರ್ಷಕ್ಕೆ 300 ದಿನ ಮಿಲ್ ಓಡಿದರೆ 4 ಲಕ್ಷ ದಾಟುತ್ತದೆ. ಬೆಸ್ಕಾಂ ಕರೆಂಟ್ ಹೋದಾಗ ಬ್ಲೋವರಿಗೆ ಜನರೇಟರ್ ಹಚ್ಚುವ ತಾಪತ್ರಯವೂ ಕಡಿಮೆ. ಗಾಳಿ ಇಲ್ಲದ ಟ್ಯಾಂಕಿಗೆ ನಾಲ್ಕು ತಾಸು ಕರೆಂಟ್ ಇಲ್ಲದಿದ್ದರೆ ಏನೂ ಆಗಲ್ಲ.

ಇನ್ನೊಂದು ಸ್ಲಡ್ಜ್, ಅಂದರೆ ಬೆಳೆದ ಸೂಕ್ಷ್ಮಜೀವಿಗಳ ಕೆಸರು. ಇದನ್ನು ಕೊಟೇಶನ್‌ನಲ್ಲಿ ಯಾರೂ ಬರೆಯಲ್ಲ. ಗಾಳಿ ಊದುವ ಪದ್ಧತಿಯಲ್ಲಿ ಕೆಜಿ ಸಿಒಡಿಗೆ 300–500 ಗ್ರಾಂ ಒಣ ಸ್ಲಡ್ಜ್ ಬರುತ್ತದೆ. ಗಾಳಿ ಇಲ್ಲದ್ದರಲ್ಲಿ 50–100 ಗ್ರಾಂ. ಸ್ಲಡ್ಜ್ ಬೆಡ್ ಮುಂದೆ ನಿಂತು ನೋಡಿದವರಿಗೆ ಈ ವ್ಯತ್ಯಾಸ ಗೊತ್ತು. ಒಣಗದೆ, ನಾರುತ್ತಾ, ಮಳೆಗಾಲದಲ್ಲಿ ಮತ್ತೆ ನೀರಾಗುವ ಆ ಕೆಸರನ್ನು ಟ್ರ್ಯಾಕ್ಟರ್‌ಗೆ ತುಂಬಿಸಲು ಆಳು ಸಿಗುವುದೇ ಕಷ್ಟ.

ಆದರೆ ಗಾಳಿ ಇಲ್ಲದ ಟ್ಯಾಂಕ್ ಒಂದರಿಂದಲೇ ಕೆಲಸ ಮುಗಿಯಲ್ಲ. ಹೊರಬರುವ ನೀರಿನಲ್ಲಿ ಇನ್ನೂ ಕೊಳೆ ಇರುತ್ತದೆ, ವಾಸನೆಯೂ ಇರುತ್ತದೆ. ಹಳ್ಳ ಹೊಳೆಗೆ ಬಿಡಲು ಲೀಟರ್‌ಗೆ ಬಿಒಡಿ (ಸೂಕ್ಷ್ಮಜೀವಿಗಳು ಕೊಳೆ ತಿನ್ನಲು ಬೇಕಾದ ಆಮ್ಲಜನಕ) 30, ಸಿಒಡಿ 250 ಮಿಲಿಗ್ರಾಂ ಒಳಗೆ ಇರಬೇಕು ಎಂಬುದು ದೇಶದ ಸಾಮಾನ್ಯ ಮಿತಿ. ಹೊಲಕ್ಕೆ ಬಿಡಲು ಬಿಒಡಿ 100. ನಿಮ್ಮ ಕಾರ್ಖಾನೆಗೆ ಕೊಟ್ಟ ಅನುಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾಗಿ ಬರೆದಿದ್ದರೆ ಅದೇ ಅಂತಿಮ. ಹಾಗಾಗಿ ಹಿಂದೆ ಗಾಳಿ ಊದುವ ಒಂದು ಸಣ್ಣ ಏರಿಯೇಶನ್ ಟ್ಯಾಂಕ್ ಇದ್ದೇ ಇರಬೇಕು. ‘ಅದು ಬೇಡ, ನಮ್ಮದರಲ್ಲೇ ಎಲ್ಲಾ ಆಗುತ್ತೆ’ ಅನ್ನುವವರನ್ನು ಟೀ ಕುಡಿಸಿ ಕಳುಹಿಸಿ.

ಸಿಒಡಿ 1,000ಕ್ಕಿಂತ ಕಡಿಮೆ ಇದ್ದರೆ ಈ ಗೋಜಿಗೇ ಹೋಗಬೇಡಿ. ಗಾಳಿ ಊದುವುದೇ ಸಲೀಸು.

ನಾಲ್ಕು ಟ್ಯಾಂಕ್, ನಾಲ್ಕು ಸ್ವಭಾವ

ಈ ಟ್ಯಾಂಕ್‌ಗಳ ವ್ಯತ್ಯಾಸವೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ. ಮೀಥೇನ್ ಮಾಡುವ ಜೀವಿಗಳು ಬಹಳ ನಿಧಾನ. ಗಾಳಿ ಬೇಕಾದವು ಗಂಟೆಗಳಲ್ಲಿ ದುಪ್ಪಟ್ಟಾದರೆ ಇವಕ್ಕೆ ದಿನಗಟ್ಟಲೆ ಬೇಕು. ನೀರು ಹರಿದು ಹೋಗುವಾಗ ಇವೂ ಕೊಚ್ಚಿಹೋದರೆ ಟ್ಯಾಂಕ್ ಖಾಲಿ. ನೀರು ಹೋಗಬೇಕು, ಜೀವಿಗಳು ಉಳಿಯಬೇಕು. ಹೇಗೆ ಉಳಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ.

ಮುಚ್ಚಿದ ಲಗೂನ್ ಅಂದರೆ ದೊಡ್ಡ ಹೊಂಡ. ಕೆಳಗೆ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟ್, ಮೇಲೂ ಅದೇ ಶೀಟಿನ ಹೊದಿಕೆ. ಜಾಗ ಇದೆ, ಹಾಗಾಗಿ ಎಲ್ಲ ನಿಧಾನವಾಗಿ ನಡೆಯುತ್ತದೆ. ಒಂದು ಘನ ಮೀಟರ್ ಜಾಗ ದಿನಕ್ಕೆ ಅರ್ಧ ಕೆಜಿ ಸಿಒಡಿಯನ್ನೂ ತಾಳುವುದು ಕಷ್ಟ, 0.3 ಎಂದು ಹಿಡಿಯಿರಿ. ನಮ್ಮ 300 ಕೆಜಿಗೆ 1,000 ಘನ ಮೀಟರ್ ಹೊಂಡ ಬೇಕು. ನಾಲ್ಕು ಮೀಟರ್ ಆಳ ತೆಗೆದರೂ ಏರಿ, ಓಡಾಡುವ ಜಾಗ ಸೇರಿ 7–8 ಗುಂಟೆ. ಊರ ಹೊರಗೆ ಸ್ವಂತ ಜಮೀನು ಇರುವ ಮಿಲ್‌ಗೆ ಇದು ದೊಡ್ಡ ಮಾತಲ್ಲ. ನಮ್ಮ ಬಿಸಿಲಿಗೆ ಕಪ್ಪು ಹೊದಿಕೆ ಚೆನ್ನಾಗಿ ಕಾಯುತ್ತದೆ, ಬೇರೆ ಕಾವು ಕೊಡಬೇಕಿಲ್ಲ. ಒಂದಿಷ್ಟು ಪುಡಿ, ತೌಡು, ಒಂದು ದಿನ ಜಾಸ್ತಿ ಕೊಳೆ, ಏನು ಬಂದರೂ ತಡೆದುಕೊಳ್ಳುತ್ತದೆ. ತೊಂದರೆ ಬರುವುದು ಹೊದಿಕೆಯಲ್ಲಿ. ಶೀಟಿನ ಬೆಸುಗೆ ಬಿಟ್ಟರೆ ಗ್ಯಾಸ್ ಸೋರುತ್ತದೆ, ಮಳೆ ನೀರು ಮೇಲೆ ನಿಂತರೆ ಹೊದಿಕೆ ಕುಸಿಯುತ್ತದೆ, ಆ ನೀರು ತೆಗೆಯಲು ಒಂದು ಸಣ್ಣ ಪಂಪ್ ಯಾವಾಗಲೂ ಇರಬೇಕು. ಅಂದ ಹಾಗೆ, ಎಷ್ಟೋ ಮಿಲ್‌ಗಳ ಹಿಂದೆ ಈಗಾಗಲೇ ಇರುವ ನಾರುವ ಗುಂಡಿಯಲ್ಲೂ ನಡೆಯುತ್ತಿರುವುದು ಇದೇ ಕೆಲಸ. ಮುಚ್ಚಿಲ್ಲ ಅಷ್ಟೇ. ಮೀಥೇನ್ ಆಕಾಶಕ್ಕೆ, ವಾಸನೆ ಪಕ್ಕದ ಬಡಾವಣೆಗೆ.

ಯುಎಎಸ್‌ಬಿ ಇದಕ್ಕೆ ಪೂರಾ ಉಲ್ಟಾ. 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಲೆಟಿಂಗಾ ಮತ್ತು ಜೊತೆಗಾರರು ಸಕ್ಕರೆ ಬೀಟ್ ಕಾರ್ಖಾನೆಯ ನೀರಿಗಾಗಿ ರೂಪಿಸಿದ್ದು. ನಮ್ಮ ದೇಶದಲ್ಲಿ ಗಂಗಾ ಯೋಜನೆಯಲ್ಲಿ ಕಾನ್ಪುರದ ಜಾಜ್‌ಮೌಗೆ ಬಂದು ಹೆಸರಾಯಿತು. ನೀರು ತಳದಿಂದ ಒಳಗೆ ಹೋಗಿ ನಿಧಾನವಾಗಿ, ಗಂಟೆಗೆ ಅರ್ಧದಿಂದ ಒಂದು ಮೀಟರ್ ವೇಗದಲ್ಲಿ ಮೇಲೇರುತ್ತದೆ. ತಳದಲ್ಲಿ ಸ್ಲಡ್ಜಿನ ದಪ್ಪ ಹಾಸು. ಮೇಲೆ ಗ್ಯಾಸ್, ನೀರು, ಸ್ಲಡ್ಜ್ ಮೂರನ್ನೂ ಬೇರೆ ಮಾಡುವ ಬೋರಲು ಮುಚ್ಚಳ. ಚೆನ್ನಾಗಿ ನಡೆಯುತ್ತಿರುವ ಟ್ಯಾಂಕಿನ ತಳದಿಂದ ಸ್ಯಾಂಪಲ್ ತೆಗೆದು ಒಂದು ಲೀಟರ್‌ನ ಕೋನ್‌ಗೆ ಸುರಿದು ನೋಡಿ. ಕಪ್ಪು ಕಾಳುಗಳು ನೆನೆಸಿದ ಸಾಬಕ್ಕಿಯ ಹಾಗೆ ಸರ್ರನೆ ತಳಕ್ಕೆ ಇಳಿಯುತ್ತವೆ, ಮೇಲಿನ ನೀರು ನಿಮಿಷದಲ್ಲಿ ತಿಳಿ. ಬೆರಳಲ್ಲಿ ಒತ್ತಿದರೆ ಮೆತ್ತಗೆ ಚಿಮ್ಮುತ್ತವೆ. ಅರ್ಧ ಮಿಲಿಮೀಟರ್‌ನಿಂದ ಮೂರು ಮಿಲಿಮೀಟರ್ ದಪ್ಪದ ಆ ಒಂದೊಂದು ಕಾಳೂ ಸೂಕ್ಷ್ಮಜೀವಿಗಳ ಗುಂಪು. ಅವು ಭಾರ ಇರುವುದರಿಂದಲೇ ನೀರಿನ ಜೊತೆ ಕೊಚ್ಚಿಹೋಗಲ್ಲ. ಬರೀ ಬೂದಿಯಂಥ ಪುಡಿ ತೇಲುತ್ತಾ ನಿಂತರೆ ಆ ಟ್ಯಾಂಕ್ ಇನ್ನೂ ಹಣ್ಣಾಗಿಲ್ಲ, ಇಲ್ಲ ಕೆಡುತ್ತಿದೆ.

ಕಾಳು ಕಟ್ಟಿದರೆ ಘನ ಮೀಟರ್‌ಗೆ ದಿನಕ್ಕೆ 5ರಿಂದ 15 ಕೆಜಿ ತಾಳುತ್ತದೆ. ಕಡಿಮೆ ಅಂದರೂ 5 ಎಂದು ಹಿಡಿದರೆ ನಮ್ಮ ಮಿಲ್‌ಗೆ 60 ಘನ ಮೀಟರ್ ಸಾಕು. 1,000 ಎಲ್ಲಿ, 60 ಎಲ್ಲಿ! ಆದರೆ ಇದಕ್ಕೆ ಮಡಿ ಜಾಸ್ತಿ. ತೇಲುವ ಪುಡಿ ಲೀಟರ್‌ಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1,000 ದಾಟಿದರೆ ಕಾಳಿನ ಜಾಗವನ್ನು ಪುಡಿ ತಿನ್ನುತ್ತದೆ. ಹೊಟ್ಟಿನ ಚೂರು ತಳದ ಪೈಪ್‌ಗಳಿಗೆ ಸಿಕ್ಕಿಕೊಂಡರೆ ಒಂದು ಮೂಲೆಗೆ ನೀರೇ ಹೋಗಲ್ಲ. ಮುಂದೆ ಸಣ್ಣ ಕಣ್ಣಿನ ಜಾಲರಿ ಇಡದೆ ಯುಎಎಸ್‌ಬಿ ಕಟ್ಟಬೇಡಿ.

ಹೈಬ್ರಿಡ್ ಅನ್ನುವುದು ಕೆಳಗೆ ಯುಎಎಸ್‌ಬಿ, ಮೇಲಿನ ಭಾಗದಲ್ಲಿ ಪ್ಲಾಸ್ಟಿಕ್ ಮೀಡಿಯಾ. ಜೀವಿಗಳು ಅದರ ಮೈಗೆ ಅಂಟಿಕೊಂಡು ಉಳಿಯುತ್ತವೆ. ಕಾಳು ಕಟ್ಟದಿದ್ದರೂ ನಡೆಯುತ್ತದೆ. ಬಿಟ್ಟು ಬಿಟ್ಟು ಬರುವ ನೀರಿಗೆ, ಅಂದರೆ ಅವಲಕ್ಕಿ ಮಿಲ್, ಮಂಡಕ್ಕಿ ಭಟ್ಟಿಗಳು ಸೇರಿ ಮಾಡಿಕೊಳ್ಳುವ ಸಾಮೂಹಿಕ ಘಟಕ, ಸಣ್ಣ ಡೈರಿ, ಇಂಥ ಕಡೆ ನನ್ನ ಓಟು ಇದಕ್ಕೇ. ಮೀಡಿಯಾದ ಬೆಲೆ ಮೇಲೆ ಬೀಳುತ್ತದೆ, ವರ್ಷಗಳು ಕಳೆದಂತೆ ಕಟ್ಟಿಕೊಳ್ಳುತ್ತದೆ. ತೆಗೆದು ತೊಳೆಯಲು ಮೇಲೆ ದಾರಿ ಬಿಟ್ಟಿದ್ದಾರಾ ಎಂದು ಡ್ರಾಯಿಂಗ್‌ನಲ್ಲೇ ನೋಡಿ.

ಸಿಎಸ್‌ಟಿಆರ್ ಅಂದರೆ ಸದಾ ಕಲಕುತ್ತಿರುವ ದೊಡ್ಡ ಟ್ಯಾಂಕ್, ಗೋಬರ್ ಗ್ಯಾಸಿನ ದೊಡ್ಡಣ್ಣ. ಇದರಲ್ಲಿ ಜೀವಿಗಳನ್ನು ಉಳಿಸಲು ಬೇರೆ ಉಪಾಯ ಇಲ್ಲ, ನೀರನ್ನೇ 15–20 ದಿನ ನಿಲ್ಲಿಸಬೇಕು. ನಮ್ಮ ಮಿಲ್‌ಗೆ 1,500 ಘನ ಮೀಟರ್ ಕಾಂಕ್ರೀಟ್! ಹುಚ್ಚು. ಆದರೆ ಗಂಜಿಯಂಥ ಗಟ್ಟಿ ಪದಾರ್ಥಕ್ಕೆ, ಸಗಣಿ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಎಪಿಎಂಸಿಯ ಕೊಳೆತ ತರಕಾರಿಗೆ ಬೇರೆ ಗತಿಯೇ ಇಲ್ಲ.

ಇವುಗಳ ಜೊತೆ ಇಜಿಎಸ್‌ಬಿ, ಐಸಿ ಅನ್ನುವ ಎತ್ತರದ ಗೋಪುರಗಳೂ ಇವೆ. ಘನ ಮೀಟರ್‌ಗೆ 15ರಿಂದ 30 ಕೆಜಿ ತಾಳುತ್ತವೆ. ದೊಡ್ಡ ಸ್ಟಾರ್ಚ್ ಕಾರ್ಖಾನೆಗೆ, ಒಳ್ಳೆ ಲ್ಯಾಬ್ ಮತ್ತು ಇಂಜಿನಿಯರ್ ಇರುವ ಕಡೆ ಸರಿ. ಉಳಿದವರು ದೂರದಿಂದ ನೋಡಿದರೆ ಸಾಕು.

ನಮ್ಮ ಕಡೆಯ ನೀರು, ಒಂದೊಂದಾಗಿ

ಕುಸುಬಲಕ್ಕಿ ಮಿಲ್‌ಗೆ ಜಮೀನು ಇದ್ದರೆ ಲಗೂನ್, ಇಲ್ಲದಿದ್ದರೆ ಯುಎಎಸ್‌ಬಿ ಅಥವಾ ಹೈಬ್ರಿಡ್. ಎರಡು ವಿಷಯ ಮರೆಯಬಾರದು. ನೆನೆಸಿದ ನೀರು ಬಿಸಿ ಇರುತ್ತದೆ. ಈ ಜೀವಿಗಳಿಗೆ ಹಿತವಾದದ್ದು 30ರಿಂದ 38 ಡಿಗ್ರಿ, 42 ದಾಟಿದರೆ ಸೊರಗುತ್ತವೆ. ಮತ್ತೆ, ಮಿಲ್‌ನವರು ನೆನೆಸುವ ಟ್ಯಾಂಕನ್ನು ಒಂದೇ ಸಲಕ್ಕೆ ಖಾಲಿ ಮಾಡುತ್ತಾರೆ. ಎರಡಕ್ಕೂ ಔಷಧಿ ಒಂದೇ: ಒಂದು ದಿನದ ನೀರು ಹಿಡಿಯುವ ಈಕ್ವಲೈಸೇಶನ್ ಟ್ಯಾಂಕ್. ಅಲ್ಲಿ ನೀರು ಆರುತ್ತದೆ, ಅಲ್ಲಿಂದ 24 ಗಂಟೆಯೂ ಸಮನಾಗಿ ಒಳಗೆ ಹೋಗುತ್ತದೆ. ಖರ್ಚು ಉಳಿಸಲು ಮೊದಲು ಕೈಬಿಡುವುದು ಇದನ್ನೇ. ಕೆಡುವುದೂ ಅದಕ್ಕೇ.

ಮೆಕ್ಕೆಜೋಳದ ಸ್ಟಾರ್ಚ್ ಕಾರ್ಖಾನೆಯ ನೀರಿನಲ್ಲಿ ಕೊಳೆ ಬೇಕಾದಷ್ಟಿದೆ, ಡ್ರೈಯರಿಗೆ ಗ್ಯಾಸೂ ಬೇಕು. ಗ್ಯಾಸಿನ ಲೆಕ್ಕ ನಿಜಕ್ಕೂ ಕೂಡಿಬರುವ ಜಾಗ ಇದು. ಆದರೆ ಜೋಳ ನೆನೆಸುವಾಗ ಸಲ್ಫರ್ ಡೈಆಕ್ಸೈಡ್ ಹಾಕುತ್ತಾರೆ. ಆ ಗಂಧಕ ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ, ಬರ್ನರ್‌ಗೆ ತುಕ್ಕು, ಜಾಸ್ತಿಯಾದರೆ ಜೀವಿಗಳಿಗೇ ವಿಷ. ಸಿಒಡಿ ಸಲ್ಫೇಟಿನ ಹತ್ತು ಪಟ್ಟಿಗಿಂತ ಕಡಿಮೆ ಇದ್ದರೆ ತಲೆನೋವು ಶುರು. ಸಲ್ಫೇಟ್ ಟೆಸ್ಟ್ ಮಾಡಿಸದೆ ಕೊಟೇಶನ್ ತೆಗೆದುಕೊಳ್ಳಬೇಡಿ. ಗ್ಯಾಸಿನಿಂದ ಅದನ್ನು ತೊಳೆದು ತೆಗೆಯುವ ಸ್ಕ್ರಬ್ಬರ್ ಬೇಕೇ ಬೇಕು.

ಚಳ್ಳಕೆರೆಯ ಎಣ್ಣೆ ಮಿಲ್, ರಿಫೈನರಿಗಳ ನೀರು ಕಾಗದದ ಮೇಲೆ ಆಸೆ ಹುಟ್ಟಿಸುತ್ತದೆ. ಎಣ್ಣೆಯ ಸಿಒಡಿ ದೊಡ್ಡದು, ಗ್ಯಾಸೂ ದೊಡ್ಡದು ಅನಿಸುತ್ತದೆ. ಟ್ಯಾಂಕಿನೊಳಗೆ ಅದೇ ಎಣ್ಣೆ ಕಾಳುಗಳಿಗೆ ಮೆತ್ತಿಕೊಂಡು ಅವನ್ನು ತೇಲಿಸಿ ಹೊರಗೆ ಹಾಕುತ್ತದೆ. ಎಣ್ಣೆ ತೆಗೆಯುವ ಟ್ರ್ಯಾಪ್, ಆಮೇಲೆ ಗುಳ್ಳೆ ಬಿಟ್ಟು ಜಿಡ್ಡು ತೇಲಿಸುವ ಡಿಎಎಫ್, ಆಮೇಲೆಯೇ ಜೀವಿಗಳು. ಇಲ್ಲಿ ಯುಎಎಸ್‌ಬಿ ಬೇಡ.

ಚನ್ನಗಿರಿ ಕಡೆ ಅಡಿಕೆ ಬೇಯಿಸಿದ ನೀರನ್ನೂ ಹೀಗೆ ಮಾಡಬಹುದಾ ಎಂದು ಕೇಳುವವರಿದ್ದಾರೆ. ಆ ನೀರಿನಲ್ಲಿ, ಅಂದರೆ ಚೊಗರಿನಲ್ಲಿ, ಇರುವ ಟ್ಯಾನಿನ್ ಎಂಬ ಒಗರು ಮೀಥೇನ್ ಜೀವಿಗಳಿಗೆ ಆಗದು. ಚೊಗರಿಗೆ ಹೇಗೂ ಬಣ್ಣ ಕಟ್ಟುವ ಕೆಲಸವಿದೆ, ಅದನ್ನು ಗ್ಯಾಸ್ ಮಾಡಲು ಹೋಗುವುದು ಯಾಕೆ?

ಡಿಸ್ಟಿಲರಿಯ ಸ್ಪೆಂಟ್‌ವಾಶ್, ಅಂದರೆ ಮದ್ಯಸಾರ ಇಳಿಸಿದ ಮೇಲೆ ಉಳಿಯುವ ನೀರು, ಬೇರೆಯೇ ಲೋಕ. ಕಾಕಂಬಿಯಿಂದ ಬಂದದ್ದರ ಸಿಒಡಿ ಲಕ್ಷದ ಹತ್ತಿರ. ಅದರ ನಿಯಮ, ಯಂತ್ರ ಎಲ್ಲ ಬೇರೆ, ಇಲ್ಲಿ ಬೇಡ.

ಚಿತ್ರದುರ್ಗದ ಕಡೆಯವರಿಗೆ ಒಂದು ಅನುಕೂಲ ಇದೆ. ಬೋರ್‌ವೆಲ್ ನೀರು ಗಡಸು. ಅದರಲ್ಲಿ ಬೈಕಾರ್ಬೊನೇಟ್ ಚೆನ್ನಾಗಿದ್ದರೆ ಟ್ಯಾಂಕ್ ಹುಳಿಯಾಗದಂತೆ ಅದೇ ತಡೆಯುತ್ತದೆ, ಸೋಡಾ ಖರ್ಚು ಉಳಿಯುತ್ತದೆ. ಪೈಪ್‌ಗೆ ಸುಣ್ಣ ಕಟ್ಟುವುದು ಅದರ ಇನ್ನೊಂದು ಮುಖ. ಸಾಫ್ಟ್‌ನರ್ ತೊಳೆದ ಉಪ್ಪು ನೀರು, ಆರ್‌ಒ ರಿಜೆಕ್ಟ್, ಡೈರಿಯಲ್ಲಿ ತೊಳೆಯುವ ಕಾಸ್ಟಿಕ್ ಮತ್ತು ಆಸಿಡ್, ಇವನ್ನು ಮಾತ್ರ ಈ ಟ್ಯಾಂಕಿಗೆ ನೇರವಾಗಿ ಬಿಡಬೇಡಿ.

ಕೆಡುವುದು ಹೇಗೆ

ಈ ಜೀವಿಗಳು ಹಸಿವಿನಿಂದ ಸಾಯುವುದು ಕಡಿಮೆ, ಅಜೀರ್ಣದಿಂದ ಸಾಯುವುದೇ ಜಾಸ್ತಿ. ಟ್ಯಾಂಕಿನಲ್ಲಿ ಎರಡು ಬಗೆಯವು ಇರುತ್ತವೆ ಎಂದು ಸರಳವಾಗಿ ತಿಳಿಯಿರಿ. ಮೊದಲಿನವು ಕೊಳೆಯನ್ನು ಹುಳಿ ಮಾಡುತ್ತವೆ, ಎರಡನೆಯವು ಆ ಹುಳಿಯನ್ನು ಗ್ಯಾಸ್ ಮಾಡುತ್ತವೆ. ಮೊದಲಿನವು ಚುರುಕು. ಒಮ್ಮೆಲೇ ಜಾಸ್ತಿ ಕೊಳೆ ಹಾಕಿದರೆ ಹುಳಿ ಏರುತ್ತದೆ, ಎರಡನೆಯವು ಆ ಹುಳಿಗೇ ಬೆದರಿ ಕೈ ಚೆಲ್ಲುತ್ತವೆ.

ಪಿಎಚ್ 6.8ರಿಂದ 7.4ರ ನಡುವೆ ಇರಬೇಕು. ಆದರೆ ಪಿಎಚ್ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ. ಮೊದಲೇ ತಿಳಿಯಬೇಕೆಂದರೆ ವಿಎಫ್‌ಎ (ಅದೇ ಹುಳಿಯ ಅಳತೆ) ಮತ್ತು ಆಲ್ಕಲಿನಿಟಿ (ಹುಳಿಯನ್ನು ತಡೆಯುವ ನೀರಿನ ಶಕ್ತಿ) ಎರಡನ್ನೂ ಅಳೆಯಬೇಕು. ಹುಳಿ ಆಲ್ಕಲಿನಿಟಿಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ನೆಮ್ಮದಿ. ಏರುತ್ತಿದ್ದರೆ ಅದೇ ದಿನ ಫೀಡ್ ನಿಲ್ಲಿಸಿ, ಒಳಗಿನ ನೀರನ್ನೇ ತಿರುಗಿಸಿ, ಅಡುಗೆ ಸೋಡಾ ಹಾಕಿ. ಸುಣ್ಣ ಅಗ್ಗ, ಆದರೆ ಕಾಳುಗಳ ಮೇಲೆ ಕಲ್ಲಾಗಿ ಕೂರುತ್ತದೆ. ಈ ಪರೀಕ್ಷೆಗೆ ಬೇಕಾದದ್ದು ಒಂದು ಬ್ಯೂರೆಟ್, ಪಿಎಚ್ ಮೀಟರ್, ಸ್ವಲ್ಪ ಆಸಿಡ್, ಮತ್ತು ಅದನ್ನು ದಿನಾ ಮಾಡುವ ಒಬ್ಬ ಹುಡುಗ. ಬಿಎಸ್‌ಸಿ ಓದಿದ ಹುಡುಗನಿಗೆ ಒಂದು ವಾರದಲ್ಲಿ ಕಲಿಸಬಹುದು. ಆ ಸಂಬಳ ಕೊಡಲು ಮನಸ್ಸಿಲ್ಲದಿದ್ದರೆ ಯುಎಎಸ್‌ಬಿ ಬಿಡಿ, ಲಗೂನ್ ಮಾಡಿ.

ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಟ್ಯಾಂಕ್ ಖಾಲಿ ಮಾಡಿದೆವು ಎಂದುಕೊಂಡು ಯಾರನ್ನೂ ಒಳಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಜಾಸ್ತಿ ಇದ್ದಾಗ ಮೂಗು ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ. ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಒಂದು ಬೀಡಿ ಕಿಡಿ ಸಾಕು. ಗ್ಯಾಸ್ ಬಳಸದವರೂ ಫ್ಲೇರ್ (ಗ್ಯಾಸನ್ನು ಬಯಲಲ್ಲಿ ಉರಿಸುವ ಕೊಳವೆ) ಇಟ್ಟು ಸುಡಬೇಕು, ಹಾಗೇ ಬಿಡಬಾರದು.

ಆರ್ಡರ್ ಕೊಡುವ ಮೊದಲು

ಒಂದೇ ದಿನದ ಸ್ಯಾಂಪಲ್ ನಂಬಬೇಡಿ. ಒಂದು ವಾರ, ದಿನದ ಬೇರೆ ಬೇರೆ ಹೊತ್ತಿನ ನೀರು ಬೆರೆಸಿ ಟೆಸ್ಟ್ ಮಾಡಿಸಿ. ಸಿಒಡಿ, ಬಿಒಡಿ, ತೇಲುವ ಪುಡಿ, ಎಣ್ಣೆ, ಸಲ್ಫೇಟ್, ಆಲ್ಕಲಿನಿಟಿ, ಬಿಸಿ, ಇಷ್ಟೂ ಇರಲಿ. ಕೊಟೇಶನ್‌ನಲ್ಲಿ ಘನ ಮೀಟರ್‌ಗೆ ದಿನಕ್ಕೆ ಎಷ್ಟು ಕೆಜಿ ಲೋಡ್ ಹಿಡಿದಿದ್ದಾರೆ ಎಂದು ಕೇಳಿ. ಅದನ್ನು ಹೇಳಲು ತಡಬಡಾಯಿಸಿದರೆ ಅವರು ಬೇರೆ ಕಡೆಯ ಡ್ರಾಯಿಂಗ್ ತಂದಿದ್ದಾರೆ ಎಂದೇ ಅರ್ಥ. ಗ್ಯಾರಂಟಿಯನ್ನು ಗ್ಯಾಸಿಗೆ ಬರೆಸಿಕೊಳ್ಳಬೇಡಿ, ಹೊರಬರುವ ನೀರಿನ ಸಿಒಡಿಗೆ ಬರೆಸಿಕೊಳ್ಳಿ. ಕಟ್ಟಲು ಶುರು ಮಾಡುವ ಮೊದಲೇ ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಇ ಅನ್ನುವ ಅನುಮತಿ, ನಡೆಸಲು ಸಿಎಫ್‌ಒ ಅನ್ನುವ ಅನುಮತಿ ಬೇಕು. ಪ್ಲಾನ್ ಬದಲಾದರೆ ಅರ್ಜಿಯೂ ಬದಲಾಗಬೇಕು.

ಸೀಡ್, ಅಂದರೆ ಟ್ಯಾಂಕಿಗೆ ಮೊದಲು ಹಾಕುವ ಜೀವಿಗಳ ಹೆಪ್ಪು, ಎಲ್ಲಿಂದ ತರುತ್ತಾರೆ ಎಂಬುದನ್ನೂ ಆರ್ಡರಿನಲ್ಲೇ ಬರೆಸಿ. ನಡೆಯುತ್ತಿರುವ ಟ್ಯಾಂಕಿನ ಕಾಳು ಸಿಕ್ಕರೆ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ. ಸಗಣಿಯಿಂದ ಶುರು ಮಾಡಿದರೆ ಎರಡು ಮೂರು ತಿಂಗಳು. ಬೆಚ್ಚಗಿರುವ ತಿಂಗಳುಗಳಲ್ಲಿ ಬೇಗ, ಡಿಸೆಂಬರ್ ಚಳಿಯಲ್ಲಿ ನಿಧಾನ. ಭದ್ರಾ ಅಚ್ಚುಕಟ್ಟಿನ ಬೇಸಿಗೆ ಭತ್ತ ಮೇ ತಿಂಗಳಲ್ಲಿ ಮಿಲ್‌ಗೆ ಬರುತ್ತದೆ. ಫೆಬ್ರವರಿ ಕೊನೆಗೆ ಸಗಣಿ ಸೀಡ್ ಹಾಕಿ, ಇರುವಷ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತಾ ಬಂದರೆ ಆ ಹೊತ್ತಿಗೆ ಟ್ಯಾಂಕ್ ತಯಾರು. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಬೇಡಿ. ನೀರು ತುಂಬಿಸಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಊಟವಿಲ್ಲದೆಯೂ ಜೀವ ಹಿಡಿದಿರುತ್ತವೆ. ಮುಂದಿನ ಭತ್ತ ಬಂದಾಗ ಮೊದಲ ವಾರ ಕಾಲು ಭಾಗದ ನೀರಷ್ಟೇ ಕೊಟ್ಟು, ವಿಎಫ್‌ಎ ನೋಡಿಕೊಂಡು ಏರಿಸುತ್ತಾ ಹೋಗಿ.